ಜೇಬಲ್ಲಿದ್ದ ಚೀಟಿ

ಹೋದ ತಿಂಗಳು ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 172 ಬಂತು. ಡಾಕ್ಟ್ರು ರಾತ್ರಿಗೆ ಒಂದು ಅಟೊರ್ವಾಸ್ಟಾಟಿನ್ 10 ಬರೆದರು. ಚೀಟಿ ಇಪ್ಪತ್ತು ದಿನ ಜೇಬಲ್ಲೇ ಇತ್ತು. ಮೈಕೈ ನೋವು ಬರುತ್ತೆ ಅಂತ ಯಾರೋ ಹೇಳಿದ್ದರು. ತೋಳು ಸೋತರೆ ದೋಟಿ ಹಿಡಿಯೋರು ಯಾರು? ದಿನಾ ತೋಟ ಸುತ್ತುವವನಿಗೆ ಮಾತ್ರೆ ಯಾಕೆ ಅಂತಲೂ ಅನ್ನಿಸಿತ್ತು. ಆದರೆ ನಮ್ಮಣ್ಣನೂ ಹಾಗೇ ಸುತ್ತುತ್ತಿದ್ದ, 52ಕ್ಕೆ ಎದೆನೋವು ಬಂದು ಹೋದ.

ಮೊನ್ನೆ ಬೋರ್ಡೋಗೆ ಸುಣ್ಣ ಕಲಸುವಾಗ ನಮ್ಮನೆಯವಳು ಕೇಳಿದಳು, "ಕೊಳೆ ಬಂದ ಮೇಲೆ ಔಷಧಿ ಹೊಡೀತೀರಾ?" ನನ್ನ ಹತ್ರ ಉತ್ತರ ಇರಲಿಲ್ಲ. ಮತ್ತೆ ಡಾಕ್ಟ್ರ ಹತ್ರ ಹೋದೆ. ನೋವು ಎಲ್ಲರಿಗೂ ಬರಲ್ಲ, ಬಂದರೆ ತಿಳಿಸಿ, ನೀವಾಗೇ ನಿಲ್ಲಿಸಬೇಡಿ ಅಂದರು. ಶುರು ಮಾಡಿದೀನಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಎಷ್ಟು ಬಂತು ಅಂತ ಇಲ್ಲೇ ಬರೀತೀನಿ.