ಬಂದರೆ ಸೊಪ್ಪಿನ ಗುಡ್ಡದಲ್ಲಿ

ತಿಪಟೂರು ಬಿಟ್ಟು ಚಿಕ್ಕನಾಯಕನಹಳ್ಳಿ ದಾರಿ ಹಿಡಿದರೆ ಎರಡೂ ಕಡೆ ತೆಂಗಿನ ತೋಟಗಳೇ. ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುವ ಸೀಮೆ ಇದು. ಮದಲಿಂಗನ ಕಣಿವೆಯ ಕಡೆ ತಿರುಗಿದ ಮೇಲೆ ತೋಟಗಳು ತೆಳುವಾಗಿ ಗುಡ್ಡಗಳು, ಬಂದರೆ, ತಂಗಡಿ, ಲಕ್ಕಿ ಪೊದೆಗಳು ಶುರುವಾಗುತ್ತವೆ. ಕುರಿ, ಆಡು ಸಾಕುವ ಕಾಡುಗೊಲ್ಲರ ಹಟ್ಟಿಯೊಂದನ್ನು ಹುಡುಕಿಕೊಂಡು ನಾನು ಹೋದದ್ದು ದೀಪಾವಳಿ ಕಳೆದ ವಾರ. ಮಳೆ ಬಿದ್ದು ಗುಡ್ಡ ಹಸಿರಾಗಿತ್ತು.

"ಬನ್ನಿ ಸಾಮಿ, ಕೂತ್ಕಳಿ" ಎಂದ ಹಟ್ಟಿಯ ಯಜಮಾನರ ಮಡಿಲಲ್ಲಿ ಆಡಿನ ಮರಿ. ಬಂಡೆಯಿಂದ ಜಾರಿ ಮುಂಗಾಲು ಮುರಿದುಕೊಂಡಿತ್ತು. ಮಂಗರವಳ್ಳಿಯ ನಾಲ್ಕು ಮೂಲೆಯ ದಂಟನ್ನು ಗಿಣ್ಣಿಗೊಂದು ತುಂಡಾಗಿ ಮುರಿದು, ನಾರು ತೆಗೆದು, ಕಲ್ಲಿನ ಮೇಲೆ ಜಜ್ಜಿದರು. ಅದರ ರಸ ತುರಿಕೆ ತರುತ್ತದೆಂದು ಬೆರಳಿಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರು. ಮೂಳೆಯನ್ನು ತಡವಿ, ಎಳೆದು ಕೂರಿಸಿ, ಜಜ್ಜಿದ ಬಳ್ಳಿ ಮೆತ್ತಿ, ಮೇಲೆ ಬಂದರೆ ಸೊಪ್ಪು, ಸುತ್ತ ಬಿದಿರಿನ ದಬ್ಬೆ, ಕೊನೆಗೆ ಹಳೇ ಸೀರೆಯ ಪಟ್ಟಿ. "ಬಿಗಿ ಹೆಚ್ಚಾದ್ರೆ ಗೊರಸು ತಣ್ಣಗಾಯ್ತದೆ" ಎನ್ನುತ್ತಾ ಗೊರಸನ್ನು ಮುಟ್ಟಿ ಮುಟ್ಟಿ ನೋಡಿದರು. ಅಷ್ಟು ನಾಜೂಕಿನ ಕೈಯನ್ನು ನಾನು ಕಂಡದ್ದು ಕಡಿಮೆ.

ಮಂಗರವಳ್ಳಿಯ ಗುಣ ಹಟ್ಟಿಯವರ ನಂಬಿಕೆ ಮಾತ್ರವಲ್ಲ. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ನಮ್ಮ ಕರಾವಳಿ ಮೂಲದ ಡಾ. ಕೆ.ಎನ್. ಉಡುಪ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ಇದನ್ನು ಪ್ರಯೋಗಿಸಿ, ಮುರಿದ ಮೂಳೆ ಬೇಗ ಕೂಡುವುದನ್ನು ಕಂಡಿದ್ದರು.

ಎಲ್ಲ ನಾರುಬೇರಿಗೂ ಇದೇ ಮಾತು ಹೇಳಲಾರೆ. ಹಾವು ಕಚ್ಚಿದರೆ ಅರೆದು ಕೊಡುತ್ತಿದ್ದ ಈಶ್ವರಿ ಬೇರಿನಲ್ಲಿ ಮೂತ್ರಪಿಂಡ ಕೆಡಿಸುವ, ಕ್ಯಾನ್ಸರ್ ತರಬಲ್ಲ ಅಂಶವಿದೆ. ಆ ಮಾತು ಎತ್ತಿದಾಗ ಯಜಮಾನರು ತಮ್ಮ ದೈವ ಜುಂಜಪ್ಪನನ್ನು ನೆನೆದು, "ಜುಂಜಪ್ಪಂಗೆ ಕೈ ಮುಗಿದು ಆಸ್ಪತ್ರೆಗೇ ಓಡ್ತೀವಿ" ಎಂದರು. ಕೇಳಿ ಸಮಾಧಾನವಾಯಿತು.

ಸಂಜೆ ಗುಡ್ಡ ಹತ್ತಿದೆವು. ಈ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಗಳನ್ನು ಕಬ್ಬಿಣ, ಮ್ಯಾಂಗನೀಸ್‌ಗಾಗಿ ಬಗೆಯುತ್ತಿದ್ದವರನ್ನು 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಬಗೆದ ಜಾಗದಲ್ಲೂ ಬಂದರೆ ಚಿಗುರಿದೆ, ಅದು ಗಟ್ಟಿ ಗಿಡ. ನನಗೆ ಹೆಚ್ಚು ಆತಂಕವಾದದ್ದು ಬೇರೆ ಸಂಗತಿಗೆ. ಯಜಮಾನರ ಮಗ ಕುರಿ ಮಾರಿ, ಬೋರ್ ಕೊರೆಸಿ, ತೆಂಗು ಹಾಕಿದ್ದಾನೆ. ಅವನ ಲೆಕ್ಕಾಚಾರ ಸರಿಯಾದದ್ದೇ. ಆದರೆ ಯಾವ ಸೊಪ್ಪನ್ನು ಆಡು ಮೂಸಿ ಬಿಡುತ್ತದೆ, ಹೊಟ್ಟೆ ಉಬ್ಬರಿಸಿದ ಕುರಿ ಎದ್ದು ಓಡಾಡಿದ್ದು ಯಾವ ಕಷಾಯಕ್ಕೆ ಎಂಬುದೆಲ್ಲ ಇವರಿಗೆ ತಿಳಿದದ್ದು ಹಿಂಡಿನ ಹಿಂದೆ ನಡೆದೇ. ಆ ನಡಿಗೆಯೇ ನಿಂತರೆ ಮಗನಿಗೆ ಇದನ್ನು ಯಾರು ಕಲಿಸುತ್ತಾರೆ?

ಇಂಥ ತಿಳಿವಳಿಕೆಯನ್ನು ಬರೆದಿಡಲು 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಕಚೇರಿಯ ಮೇಜಿನ ಮುಂದೆ ಕೂತು ಅದನ್ನು ತುಂಬಬಾರದು. ಬರೆಯುವವರು ಮಳೆಗಾಲ ಮುಗಿಯುವ ಹೊತ್ತಿಗೆ, ಇಂಥ ಹಿರಿಯರು ಗುಡ್ಡ ಹತ್ತಬಲ್ಲವರಾಗಿರುವಾಗಲೇ, ಅವರ ಹಿಂಡಿನ ಜೊತೆ ಹೊರಡಬೇಕು.