ಕವರ್‌ನಲ್ಲಿ ನಿಂತವನಿಗೆ ಎಷ್ಟು ಪಾಯಿಂಟ್?

ನಮ್ಮ ಆಫೀಸಿನ ಕಬಡ್ಡಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹನ್ನೆರಡು ಜನ ಇದ್ದೇವೆ. ಪ್ರೊ ಕಬಡ್ಡಿ ಶುರುವಾಯಿತೆಂದರೆ ಸಂಜೆ ಏಳರ ನಂತರ ಅಲ್ಲಿ ಬೇರೆ ಮಾತೇ ಇರುವುದಿಲ್ಲ. ಪಂದ್ಯಕ್ಕೆ ಮೊದಲು ಪ್ರತಿಯೊಬ್ಬರೂ ಎರಡೂ ತಂಡಗಳಿಂದ ಸೇರಿಸಿ ಏಳು ಆಟಗಾರರನ್ನು ಆರಿಸಿ, ತಮ್ಮದೇ ಒಂದು ತಂಡ ಕಟ್ಟಿ ಕಳಿಸಬೇಕು. ಅವರು ಮ್ಯಾಟ್ ಮೇಲೆ ಗಳಿಸಿದ್ದೇ ನಮ್ಮ ಪಾಯಿಂಟ್. ರೈಡ್‌ನಲ್ಲಿ ಬಂದ ಒಂದೊಂದು ಅಂಕಕ್ಕೆ ನಾಲ್ಕು, ಟ್ಯಾಕಲ್ ಅಂಕಕ್ಕೆ ಐದು, ಹಿಡಿಯಲು ಹೋಗಿ ಬಿಟ್ಟರೆ ಒಂದು ಕಟ್, ಕ್ಯಾಪ್ಟನ್ ಅಂತ ಆರಿಸಿದವನದ್ದು ಡಬಲ್. ವಾರದ ಕೊನೆಗೆ ಯಾರು ಕೆಳಗಿರುತ್ತಾರೋ ಅವರು ಎಲ್ಲರಿಗೂ ಕಾಫಿ, ಮದ್ದೂರು ವಡೆ ಕೊಡಿಸಬೇಕು. ಅಷ್ಟೇ.

ದುಡ್ಡಿನ ವ್ಯವಹಾರ ಇಲ್ಲ. ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾನೂನೇ ನಿಲ್ಲಿಸಿತು. ನಾನು ಅದಕ್ಕೂ ಆರು ವರ್ಷ ಮೊದಲೇ ನಿಲ್ಲಿಸಿದ್ದೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಈ ಆಟದಲ್ಲಿ ರೈಡರ್‌ಗಳನ್ನು ಆರಿಸುವುದು ಸುಲಭ. ಪವನ್ ಸೆಹ್ರಾವತ್‌ನಂಥವನು ಇದ್ದರೆ ಹನ್ನೆರಡು ಜನವೂ ಅವನನ್ನೇ ಹಾಕುತ್ತಾರೆ. ಆರನೇ ಸೀಸನ್ನಿನ ಫೈನಲ್‌ನಲ್ಲಿ, 2019ರ ಜನವರಿಯಲ್ಲಿ, ಒಬ್ಬನೇ 22 ಅಂಕ ತಂದು ನಮ್ಮ ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟವನು ಅವನು. ಎಲ್ಲರ ತಂಡದಲ್ಲೂ ಅದೇ ರೈಡರ್ ಇದ್ದಾಗ ಗೆಲುವು ಸೋಲು ನಿರ್ಧಾರ ಆಗುವುದು ಡಿಫೆಂಡರ್‌ಗಳಿಂದ. ತಲೆನೋವು ಇರುವುದೂ ಅಲ್ಲೇ. ಒಳ್ಳೆಯ ರೈಡರ್ ದಿನಾ ಎಂಟು ಹತ್ತು ಅಂಕ ತರುತ್ತಾನೆ. ಒಳ್ಳೆಯ ಡಿಫೆಂಡರ್ ಇವತ್ತು ಆರು ತಂದರೆ ನಾಳೆ ಸೊನ್ನೆ.

ಎಂಜಿನಿಯರ್ ಬುದ್ಧಿ ಬಿಡಬೇಕಲ್ಲ, ಒಂದು ಎಕ್ಸೆಲ್ ಶೀಟ್ ಮಾಡಿದೆ. ಹೊಸದಾಗಿ ಆಡುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಅದರಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, ಒಟ್ಟು ಟ್ಯಾಕಲ್ ಅಂಕ ನೋಡಿ ಮರುಳಾಗಬಾರದು. ಎಷ್ಟು ಸಲ ಕೈ ಹಾಕಿದ, ಅದರಲ್ಲಿ ಎಷ್ಟು ಸಲ ಹಿಡಿದ ಅಂತ ನೋಡಬೇಕು. ಹತ್ತು ಸಲ ನುಗ್ಗಿ ನಾಲ್ಕು ಹಿಡಿದವನಿಗಿಂತ ಐದು ಸಲ ನುಗ್ಗಿ ಮೂರು ಹಿಡಿದವನು ತಂಡಕ್ಕೆ ಮೇಲು. ಯಾಕೆಂದರೆ ಬಿಟ್ಟ ಪ್ರತಿ ಹಿಡಿತವೂ ಎದುರಾಳಿಗೆ ಅಂಕ. ಅದೂ ಅಲ್ಲದೆ ಇವನು ಔಟಾಗಿ ಹೊರಗೆ ಕೂತರೆ, ತನ್ನ ತಂಡ ಅಂಕ ಗಳಿಸಿ ಇವನ ಸರದಿ ಬರುವವರೆಗೆ ಒಳಗೆ ಬರುವಂತಿಲ್ಲ. ನಲವತ್ತು ನಿಮಿಷದ ಆಟದಲ್ಲಿ ಹದಿನೈದು ನಿಮಿಷ ಬೆಂಚಿನ ಮೇಲೆ ಕೂತವನು ಯಾರನ್ನು ಹಿಡಿಯುತ್ತಾನೆ?

ಎರಡನೆಯದು, ಜಾಗ. ಏಳು ಜನರಲ್ಲಿ ಎರಡು ತುದಿಗೆ ನಿಂತವರು ಕಾರ್ನರ್‌ಗಳು. ಪಾದ ಹಿಡಿಯುವುದು, ತೊಡೆಗೆ ತಬ್ಬುವುದು ಹೆಚ್ಚಾಗಿ ಅವರ ಕೆಲಸ. ಒಳಗೆ ನಿಂತ ಕವರ್‌ಗಳದ್ದು ದಾರಿಗೆ ಅಡ್ಡ ನಿಂತು ಬ್ಲಾಕ್ ಮಾಡುವುದು, ಡ್ಯಾಶ್ ಕೊಟ್ಟು ಹೊರಗೆ ದಬ್ಬುವುದು. ಲೀಗಿನ ಇತಿಹಾಸದಲ್ಲಿ 500ಕ್ಕೂ ಹೆಚ್ಚು ಟ್ಯಾಕಲ್ ಅಂಕ ದಾಟಿದ ಇರಾನಿನ ಫಜಲ್ ಅತ್ರಾಚಲಿ ಎಡ ಕಾರ್ನರ್. ಆರನೇ ಸೀಸನ್ನಿನಲ್ಲಿ 100 ಟ್ಯಾಕಲ್ ಅಂಕ ಮುಟ್ಟಿದ ನಿತೇಶ್ ಕುಮಾರ್ ಬಲ ಕಾರ್ನರ್. ನಮ್ಮ ಬುಲ್ಸ್‌ನಲ್ಲಿ ಸೌರಭ್ ನಂದಲ್ ಕಾರ್ನರ್‌ನಲ್ಲಿ, ಮಹೇಂದರ್ ಸಿಂಗ್ ಕವರ್‌ನಲ್ಲಿ ನಿಲ್ಲುತ್ತಿದ್ದ ದಿನಗಳಲ್ಲಿ ನಾವೆಲ್ಲ ಕಣ್ಣು ಮುಚ್ಚಿ ಸೌರಭ್‌ನನ್ನೇ ಹಾಕುತ್ತಿದ್ದೆವು.

ಮೂರನೆಯದು ಸ್ವಲ್ಪ ತಮಾಷೆಯದು. ಸೋಲುವ ತಂಡದ ಡಿಫೆಂಡರ್‌ಗಳನ್ನು ಕಡೆಗಣಿಸಬಾರದು. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೈಡರನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ಪದೇ ಪದೇ ಖಾಲಿಯಾಗುವ ತಂಡಕ್ಕೆ ಈ ಅವಕಾಶ ಹೆಚ್ಚು ಸಿಗುತ್ತದೆ. ಹಾಗೆಯೇ ಎದುರಾಳಿ ತಂಡ ಡು ಆರ್ ಡೈ ರೈಡ್ ನಂಬಿಕೊಂಡು ನಿಧಾನವಾಗಿ ಆಡುವಂಥದ್ದಾದರೆ ಡಿಫೆಂಡರ್‌ಗಳಿಗೆ ಹಬ್ಬ. ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದರಲ್ಲಿ ರೈಡರ್ ಅಂಕ ತರಲೇಬೇಕು. ಮೈಮೇಲೆ ಬರಲೇಬೇಕು.

ಶೀಟ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಹನ್ನೆರಡನೇ ಸೀಸನ್ನಿನಲ್ಲಿ ನಾಲ್ಕು ವಾರ ನಾನು ಮೊದಲ ಮೂರರ ಒಳಗೇ ಇದ್ದೆ. ಆಮೇಲೆ ದಸರೆ ರಜೆಗೆ ಊರಿಗೆ ಹೋದೆ.

ನಮ್ಮೂರು ಬಾದಾಮಿ ತಾಲ್ಲೂಕಿನಲ್ಲಿ, ಶಿವಯೋಗ ಮಂದಿರದ ಹತ್ತಿರ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಕಟ್ಟಿದ ಸಂಸ್ಥೆ ಅದು. ಊರಿಗೆ ಹೋದರೆ ಕಾಕಾನ ಜೊತೆ ಬೈಕ್ ಮೇಲೆ ಅಲ್ಲಿಗೆ ಹೋಗುವುದು, ಗದ್ದುಗೆಗೆ ಕೈ ಮುಗಿದು, ಅಲ್ಲೇ ತಯಾರಾಗುವ ವಿಭೂತಿ ಗಟ್ಟಿ ತಗೊಂಡು, ಸ್ವಲ್ಪ ಹೊತ್ತು ಹೊಳೆ ನೋಡುತ್ತಾ ಕೂತು ವಾಪಸ್ ಬರುವುದು ಚಿಕ್ಕಂದಿನಿಂದ ನಡೆದು ಬಂದದ್ದು. ಈ ಸಲ ಬೈಕ್ ನಾನು ಓಡಿಸಿದೆ. ಕಾಕಾನಿಗೆ ಬಲ ಮೊಣಕಾಲು ಮಡಚುವುದು ಕಷ್ಟ.

ಆ ಮೊಣಕಾಲು ಕಬಡ್ಡಿಯದ್ದೇ. ಕಾಕಾ ಇಪ್ಪತ್ತು ದಾಟಿದ ಹೊಸತರಲ್ಲಿ ನಮ್ಮೂರ ತಂಡದಲ್ಲಿ ಆಡುತ್ತಿದ್ದ. ಆಗ ಮ್ಯಾಟ್ ಎಲ್ಲಿಂದ ಬರಬೇಕು, ಜಾತ್ರೆಗಳಲ್ಲಿ ಮಣ್ಣಿನ ಅಂಕಣದ ಮೇಲೆ ಟ್ಯೂಬ್‌ಲೈಟ್ ಕಟ್ಟಿ ರಾತ್ರಿಯಿಡೀ ಪಂದ್ಯ. ಊರಲ್ಲಿ ಇವತ್ತಿಗೂ ಆ ತಂಡದ ಮಾತು ಬಂದರೆ ಎಡ ಮೂಲೆಗೆ ನಿಲ್ಲುತ್ತಿದ್ದ ಒಬ್ಬರ ಹೆಸರು ಹೇಳುತ್ತಾರೆ. ಅವರು ಕಾಲು ಹಿಡಿದರೆ ಬಿಡುತ್ತಿರಲಿಲ್ಲವಂತೆ. ಕಾಕಾನ ಹೆಸರು ಯಾರೂ ಹೇಳಿದ್ದು ನಾನು ಕೇಳಿಲ್ಲ. ಅವನು ಆ ಮೂಲೆಯವರ ಪಕ್ಕಕ್ಕೆ, ಒಳಗೆ ನಿಲ್ಲುತ್ತಿದ್ದ.

ಅವತ್ತು ಸಂಜೆ ಪಡಸಾಲೆಯಲ್ಲಿ ಕೂತು ಫೋನಿನಲ್ಲಿ ಪಂದ್ಯ ಹಚ್ಚಿದೆ. ಪಕ್ಕದಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ಶೀಟ್. ಕಾಕಾ ಕನ್ನಡಕ ಹಾಕಿಕೊಂಡು ಹತ್ತಿರ ಬಂದ.

“ಏನೋ ತಮ್ಮಾ, ಆಟ ನೋಡಾಕತ್ತೀಯೋ, ಲೆಕ್ಕಾ ಬರಿಯಾಕತ್ತೀಯೋ?”

ಎರಡೂ ಅಂತ ಹೇಳಿ ಶೀಟ್ ತೋರಿಸಿದೆ. ಒಂದು ತಂಡದ ಕಾರ್ನರ್ ಆ ಹೊತ್ತಿಗೆ ನಾಲ್ಕು ಅಂಕ ಮಾಡಿದ್ದ, ಇನ್ನೊಂದು ಬಂದರೆ ಹೈ ಫೈವ್. ಅವನ ಪಕ್ಕದ ಕವರ್‌ದು ಸೊನ್ನೆ. ಹಿಂದಿನ ನಾಲ್ಕು ಪಂದ್ಯದಲ್ಲೂ ಒಂದು, ಸೊನ್ನೆ, ಎರಡು, ಸೊನ್ನೆ.

“ಕಾಕಾ, ಇಂವ ವೇಸ್ಟ್ ನೋಡು. ಇವನ್ನ ಯಾಕ ಆಡಸ್ತಾರೋ ಗೊತ್ತಿಲ್ಲ,” ಅಂದೆ.

ಕಾಕಾ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಆ ಹಿಡದಿದ್ದು ಮತ್ತೊಮ್ಮಿ ಹಿಂದಕ್ಕ ಹಾಕು” ಅಂದ. ಹಾಕಿದೆ. “ಮೂಲಿಯಾಂವನ್ನ ನೋಡಬ್ಯಾಡ. ಆ ವೇಸ್ಟನ್ನ ನೋಡು.”

ನೋಡಿದೆ. ಕಾರ್ನರ್ ಕೆಳಗೆ ಬಿದ್ದು ಪಾದ ಹಿಡಿದಿದ್ದ. ರೈಡರ್ ಅವನನ್ನು ಎಳೆದುಕೊಂಡೇ ನಡುಗೆರೆಯ ಕಡೆ ಬಾಗಿದ್ದ, ಕೈ ಚಾಚಿದ್ದ, ಇನ್ನು ಒಂದು ಅಡಿ. ಅಷ್ಟರಲ್ಲಿ ಕವರ್ ಬಂದು ಎದೆಗೆ ಎದೆ ಕೊಟ್ಟು ನಿಂತ. ಮುಗಿಯಿತು. ಅಂಕ ಬಿದ್ದಿದ್ದು ಪಾದ ಹಿಡಿದವನ ಹೆಸರಿಗೆ. ನಾಲ್ಕು ಹಿಡಿತದಲ್ಲಿ ಮೂರು ಹೀಗೇ ಇದ್ದವು. ಒಂದು ಟ್ಯಾಕಲ್‌ಗೆ ಐದು ಜನ ಮುಗಿಬಿದ್ದರೂ ಅಂಕಪಟ್ಟಿಯಲ್ಲಿ ಅದು ಒಬ್ಬನದ್ದು.

“ಇನ್ನೊಂದು ನೋಡು,” ಅಂದ ಕಾಕಾ. “ರೈಡರ್ ಈ ಕಡಿ ಎರಡ ಸಲ ಹಣಕಿ ಹಾಕಿ ಹೊಳ್ಳಿ ಹ್ವಾದ. ಯಾಕ?”

“ಯಾಕ?”

“ಅಲ್ಲಿ ಇಂವ ನಿಂತಾನ. ಅದಕ್ಕ ಹ್ವಾದ. ಅದಕ್ಕ ನಿನ್ನ ಲೆಕ್ಕದಾಗ ಎಷ್ಟ ಪಾಯಿಂಟ?”

ನನ್ನ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಆಗಿದ್ದನ್ನು ಎಣಿಸಬಹುದು, ಆಗದೇ ಹೋದದ್ದನ್ನು ಎಣಿಸುವುದು ಹೇಗೆ?

ನಾನು ಸುಮ್ಮನಾದದ್ದು ನೋಡಿ ಕಾಕಾನೇ ಮುಂದುವರಿಸಿದ. “ಕಾಲ ಹಿಡದಾಂವ ಹೆಸರ ತಗೋತಾನ. ತಗೋಳ್ಳಿ. ಆದ್ರ ಅಂವ ಕೆಳಗ ಬಿದ್ದಾಗ ನಾವು ಹೋಗಲಿಲ್ಲಂದ್ರ, ರೈಡರ್ ಅವನ ಮ್ಯಾಲೇ ಬೀಳ್ತಾನ. ಕುತ್ತಿಗಿ ಹೋಗತೈತಿ, ಮೊಣಕಾಲ ಹೋಗತೈತಿ. ಲಗೂ ಹೋಗಬೇಕು. ಅಷ್ಟ ಕೆಲಸ ನಂದು.”

ತನ್ನ ಮೊಣಕಾಲು ಹೋದದ್ದೂ ಹಾಗೇ ಲಗೂ ಹೋದಾಗ ಅಂತ ಅವನು ಹೇಳಲಿಲ್ಲ. ನನಗೆ ಗೊತ್ತಿತ್ತು.

ಈಗ ಆ ಆರು ವರ್ಷದ ಹಿಂದಿನ ಕಥೆ.

2019. ನನಗೆ ಇಪ್ಪತ್ನಾಲ್ಕು, ಕೆಲಸಕ್ಕೆ ಸೇರಿ ಎರಡು ವರ್ಷ. ಏಳನೇ ಸೀಸನ್ ಜುಲೈನಲ್ಲಿ ಶುರುವಾಗಿತ್ತು. ಒಂದು ಆ್ಯಪ್‌ನಲ್ಲಿ ಐವತ್ತು ರೂಪಾಯಿಯಿಂದ ಶುರು ಮಾಡಿದೆ. ಮೊದಲ ವಾರ ಎರಡು ಸಾವಿರ ಬಂತು. ನನಗೆ ಕಬಡ್ಡಿ ಗೊತ್ತು, ಲೆಕ್ಕ ಗೊತ್ತು, ಇನ್ನೇನು ಬೇಕು ಅನ್ನಿಸಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಮೂವತ್ತೆಂಟು ಸಾವಿರ ಹೋಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರೆಡಿಟ್ ಕಾರ್ಡಿನದ್ದು. ಮನೆ ಬಾಡಿಗೆಗೂ ದುಡ್ಡಿರಲಿಲ್ಲ.

ಅಪ್ಪನಿಗೆ ಹೇಳುವ ಧೈರ್ಯ ಇರಲಿಲ್ಲ. ಕಾಕಾನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಎರಡೇ ಮಾತು. “ಎಷ್ಟು?” “ಇನ್ನ ಆಡ್ತೀಯೇನು?” ಇಲ್ಲ ಅಂದೆ. ನಾಲ್ಕು ದಿನಕ್ಕೆ ಖಾತೆಗೆ ನಲವತ್ತು ಸಾವಿರ ಬಂತು. ಎರಡು ಸಾವಿರ ಹೆಚ್ಚಿಗೆ, ಊಟಕ್ಕೆ ಇರಲಿ ಅಂತ.

ಅದೇ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದಿತ್ತು. ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿದ ಚಿತ್ರ ನೀವೂ ನೋಡಿರಬಹುದು. ಹೊಳೆ ದಂಡೆಯ ನಮ್ಮ ಹೊಲ ಅಷ್ಟೂ ದಿನ ನೀರಲ್ಲಿತ್ತು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೋ ನೋಡಿದ್ದೆ. ಆದರೂ ಕೇಳಿದೆ. ದುಡ್ಡು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಕರುವಿನಿಂದ ಸಾಕಿದ್ದ ಹೋರಿ ಮಾರಿದ್ದು ದೀಪಾವಳಿಗೆ ಹೋದಾಗ ಚಿಗವ್ವ ಬಾಯಿ ತಪ್ಪಿ ಹೇಳಿದಾಗಲೇ ಗೊತ್ತಾಗಿದ್ದು. ಕಾಕಾ ಅವಳ ಕಡೆ ಕಣ್ಣು ಬಿಟ್ಟ. ಅವಳು ಮಾತು ಬದಲಿಸಿದಳು. ಕೊಟ್ಟಿಗೆಯಲ್ಲಿ ಗೂಟ ಖಾಲಿ ಇತ್ತು.

ಹತ್ತು ತಿಂಗಳಲ್ಲಿ ದುಡ್ಡು ತೀರಿಸಿದೆ. ಅಪ್ಪ ಮಾತ್ರ ಇವತ್ತಿಗೂ ಮನೆಗೆ ಬಂದವರ ಹತ್ತಿರ “ನಮ್ಮ ಹುಡುಗ ಬೆಂಗಳೂರಾಗ ಒಂದು ರೂಪಾಯಿ ಸಾಲ ಮಾಡಿಲ್ಲ” ಅಂತ ಹೆಮ್ಮೆಯಿಂದ ಹೇಳುತ್ತಾನೆ. ಕಾಕಾ ಪಕ್ಕದಲ್ಲೇ ಕೂತು ಹೂಂ ಅನ್ನುತ್ತಾನೆ. ಈ ಲೇಖನ ಅಪ್ಪನ ಕಣ್ಣಿಗೆ ಬಿದ್ದರೆ ಬೀಳಲಿ. ಆ ಅಂಕ ನನ್ನ ಹೆಸರಿಗೆ ಬಿದ್ದಿದೆ, ನನ್ನದಲ್ಲ.

ರಜೆ ಮುಗಿಸಿ ಬಂದ ಮೇಲೆ ಶೀಟಿಗೆ ಎರಡು ಕಾಲಂ ಸೇರಿಸಿದೆ. ಒಂದು, ಬೇರೆಯವನ ಹಿಡಿತಕ್ಕೆ ಎಷ್ಟು ಸಲ ಮೊದಲು ಹೋಗಿ ಕೂಡಿಕೊಂಡ. ಎರಡು, ರೈಡರ್ ಎಷ್ಟು ಸಲ ಅವನ ಕಡೆ ಬಂದು ವಾಪಸ್ ತಿರುಗಿದ. ಇದಕ್ಕೆ ಆ್ಯಪ್‌ನಿಂದ ಡೇಟಾ ಸಿಗುವುದಿಲ್ಲ, ಪಂದ್ಯ ನೋಡಿಕೊಂಡು ಕೈಯಲ್ಲೇ ಎಣಿಸಬೇಕು. ಒಂದು ಪಂದ್ಯಕ್ಕೆ ಎರಡು ಗಂಟೆ ಹಿಡಿಯುತ್ತದೆ. ಆರು ಪಂದ್ಯ ಎಣಿಸಿದೆ. ಕಾಕಾ ತೋರಿಸಿದ ಆ ‘ವೇಸ್ಟ್’ ಆಟಗಾರ ಎರಡೂ ಕಾಲಂನಲ್ಲಿ ಎಲ್ಲರಿಗಿಂತ ಮೇಲಿದ್ದ.

ಮುಂದಿನ ಪಂದ್ಯಕ್ಕೆ ಅವನನ್ನು ಕ್ಯಾಪ್ಟನ್ ಮಾಡಿದೆ. ಗುಂಪಿನಲ್ಲಿ ಎಲ್ಲರೂ ನಕ್ಕರು. ಅವನು ಒಂದು ಅಂಕ ಮಾಡಿದ. ಡಬಲ್ ಆಗಿ ಹತ್ತು. ಅವನ ಪಕ್ಕದ ಕಾರ್ನರ್ ಆರು ಹಿಡಿದ. ಆ ವಾರ ನಾನು ಹನ್ನೆರಡನೆಯವನು, ಎಲ್ಲರಿಗೂ ವಡೆ ಕೊಡಿಸಿದೆ.

ಹಾಗಾಗಿ ಫ್ಯಾಂಟಸಿ ಆಡುವವರಿಗೆ ನನ್ನ ಪ್ರಾಮಾಣಿಕ ಸಲಹೆ: ಒಳ್ಳೆಯ ಡಿಫೆಂಡರ್ ಬೇರೆ, ಪಾಯಿಂಟ್ ತರುವ ಡಿಫೆಂಡರ್ ಬೇರೆ. ರೈಡರ್‌ಗಳು ಹೆದರುವವನನ್ನು ಆರಿಸಬೇಡಿ, ಅವನ ಕಡೆ ಯಾರೂ ಹೋಗುವುದಿಲ್ಲ. ಅವನ ಪಕ್ಕದಲ್ಲಿ ನಿಂತವನನ್ನು ಆರಿಸಿ. ರೈಡರ್ ಹೋಗುವುದು ಅಲ್ಲಿಗೆ, ಅಂಕ ಬೀಳುವುದೂ ಅಲ್ಲಿಗೆ. ಒಳ್ಳೆಯ ಕವರ್ ಪಕ್ಕದಲ್ಲಿರುವ ಕಾರ್ನರ್‌ಗಿಂತ ಸುರಕ್ಷಿತ ಆಯ್ಕೆ ಇನ್ನೊಂದಿಲ್ಲ. ಈ ಒಂದು ನಿಯಮದಿಂದ ನಾನು ಆಮೇಲೆ ಮತ್ತೆ ಮೇಲೆ ಬಂದೆ.

ವಡೆ ಕೊಡಿಸಿದ ದಿನ ಕಾಕಾನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಜೋರಾಗಿ ನಕ್ಕ.

“ಅಂವ ಆಡಿದ ತಂಡ ಗೆದ್ದಿತೇನು?” ಅಂತ ಕೇಳಿದ.

“ಗೆದ್ದಿತು ಕಾಕಾ.”

“ಮತ್ತ?” ಅಂದ.

ಮುಂದಿನ ತಿಂಗಳು ಅವನನ್ನು ಬೆಂಗಳೂರಿಗೆ ಕರೆಸಿಕೊಳ್ಳುತ್ತಿದ್ದೇನೆ, ಮೊಣಕಾಲು ತೋರಿಸಲು. ಬರಲ್ಲ ಅಂತಿದ್ದ, ಹೊಲದ ಕೆಲಸ ಅಂತ ನೆಪ ಹೇಳಿದ. ಟಿಕೆಟ್ ಬುಕ್ ಮಾಡಿ ಆಮೇಲೆ ಹೇಳಿದೆ. ಖರ್ಚು ಎಷ್ಟಾಗುತ್ತೆ ಅಂತ ಕೇಳಿದ್ದಕ್ಕೆ, ಊಟಕ್ಕೆ ಎರಡು ಸಾವಿರ ತಗೊಂಡು ಬಾ ಸಾಕು ಅಂದೆ.