ಬಳ್ಳಿ ತುಂಡಾಯ್ತು

ಮೊನ್ನೆ ಅಮ್ಮ ಫೋನಿನಲ್ಲಿ "ಬಳ್ಳಿ ತುಂಡಾಯ್ತು" ಅಂದದ್ದೇ ತಡ, ನನ್ನ ಹೆಂಡತಿ ಒಲೆ ಮೇಲಿನ ಹಾಲನ್ನೂ ಮರೆತು "ಅತ್ತೆ, ಯಾವ ಬಳ್ಳಿ? ನಿಮಗೇನೂ ಆಗಿಲ್ಲ ತಾನೇ?" ಅಂತ ಕೂಗಿದಳು. ಹಾಲು ಉಕ್ಕಿ ಒಲೆಯೆಲ್ಲ ಹಾಳು. ಇಷ್ಟೊಂದು ಗಾಬರಿ ಯಾಕೆ ಅಂತ ಹೇಳಬೇಕಾದರೆ 2006ರ ಮಳೆಗಾಲಕ್ಕೆ ಹೋಗಬೇಕು.

ನಾನು ಪುತ್ತೂರಿನ ಕಡೆಯವನು, ಅವಳು ಮಂಡ್ಯದವಳು. ಇಬ್ಬರ ಮನೆಮಾತೂ ಕನ್ನಡವೇ. ಆದರೆ ನಮ್ಮಲ್ಲಿ ಬಳ್ಳಿ ಅಂದರೆ ಮಲ್ಲಿಗೆ ಬಳ್ಳಿ, ಕಾಳುಮೆಣಸಿನ ಬಳ್ಳಿ ಮಾತ್ರ ಅಲ್ಲ. ದನ ಕಟ್ಟುವುದೂ ಬಳ್ಳಿಯೇ, ಬಾವಿಯಿಂದ ನೀರು ಸೇದುವುದೂ ಬಳ್ಳಿಯೇ. ಅವಳಿಗೋ ಅದು ಹಗ್ಗ. ಮದುವೆಯಾಗಿ ಒಂದು ವರ್ಷವಾಗಿದ್ದರೂ ಈ ಒಂದು ಪದ ಮಾತ್ರ ನಮ್ಮಿಬ್ಬರ ನಡುವೆ ಬಂದೇ ಇರಲಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬಾವಿ ಎಲ್ಲಿಂದ ಬರಬೇಕು?

ಜುಲೈ ತಿಂಗಳು. ರಾತ್ರಿ ಆಫೀಸಿನಿಂದ ಬಂದು ಊಟಕ್ಕೆ ಕೂತಿದ್ದೆ. "ಮಧ್ಯಾಹ್ನ ಅತ್ತೆ ಫೋನ್ ಮಾಡಿದ್ರು ಕಣ್ರೀ. ಏನೋ ಬಳ್ಳಿ ತುಂಡಾಯ್ತಂತೆ, ಕೈ ಸ್ವಲ್ಪ ನೋವಂತೆ. ಇಂಥ ಮಳೇಲಿ ಆ ಮಲ್ಲಿಗೆ ಗಿಡದ ಹತ್ರ ಯಾಕ್ ಹೋಗ್ತಾರೋ!" ಅಂದಳು.

ಹಗ್ಗವನ್ನು ಹಾವೆಂದುಕೊಂಡು ಹೆದರಿದವನ ಕಥೆ ವೇದಾಂತದಲ್ಲಿದೆ. ನಮ್ಮ ಮನೆಯಲ್ಲಿ ಹಗ್ಗವನ್ನು ಮಲ್ಲಿಗೆ ಅಂದುಕೊಂಡು ಹೆದರದೇ ಕೂತಿದ್ದರು!

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪಾಚಿ ಕಟ್ಟಿದ ಬಾವಿಕಟ್ಟೆ, ತುಂಬಿದ ಕೊಡಪಾನ, ಒಬ್ಬಳೇ ಇರುವ ಅಮ್ಮ. ಫೋನ್ ಮಾಡಿದೆ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಮತ್ತೆ ಮಾಡಿದೆ. ರಿಂಗ್ ಆಗುತ್ತಲೇ ಇದೆ...

ಆಮೇಲೆ ಗೊತ್ತಾದ ವಿಷಯ ಏನೆಂದರೆ, ನಮ್ಮ ಕಿವಿಗೆ ಬೀಳುವ ಆ ಟ್ರಿಂಗ್ ಟ್ರಿಂಗ್ ಆ ಮನೆಯ ಗಂಟೆಯ ಸದ್ದಲ್ಲ. ಅದನ್ನು ಎಕ್ಸ್‌ಚೇಂಜು ನಮಗೆ ಬೇರೆಯಾಗಿ ಕೇಳಿಸುತ್ತದೆ. ಮನೆಯ ಹತ್ತಿರ ತಂತಿ ಕಡಿದು ಬಿದ್ದಿದ್ದರೂ ಇತ್ತ ರಿಂಗ್ ಕೇಳುತ್ತಲೇ ಇರಬಹುದು. ಆ ಸಂಜೆ ಮರ ಬಿದ್ದು ನಮ್ಮ ಮನೆಯ ಫೋನಿನ ತಂತಿ ತುಂಡಾಗಿತ್ತು. ಅಂದರೆ ಒಂದೇ ದಿನ ಎರಡು ಬಳ್ಳಿ!

ತಂತಿ ಅಂದಾಗ ನೆನಪಾಯಿತು. ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂದದ್ದು 'ನಾಕುತಂತಿ'ಗೆ. ಶಾಲೆಯಲ್ಲಿ ಮೇಷ್ಟ್ರು ಅದನ್ನು ಹೇಳಿದಾಗ ನನಗೆ ಮೊದಲು ಹೊಳೆದದ್ದು ವೀಣೆಯಲ್ಲ, ಪೋಸ್ಟ್‌ಮ್ಯಾನ್. ನಮ್ಮ ಮನೆಗೆ ತಂತಿ ಬಂತೆಂದರೆ ಅಜ್ಜಿ ಓದಿಸುವ ಮೊದಲೇ ಅಳಲು ಶುರುಮಾಡುತ್ತಿದ್ದರು. ಪದಕ್ಕಿಷ್ಟು ಎಂದು ದುಡ್ಡು ಕೊಟ್ಟು ಕಳಿಸುವ ಸುದ್ದಿ, ಒಳ್ಳೆಯದಿರಲು ಹೇಗೆ ಸಾಧ್ಯ ಅಂತ ಅವರ ಲೆಕ್ಕ. ಚಿಕ್ಕಪ್ಪನಿಗೆ ಕೆಲಸ ಸಿಕ್ಕಿದ ತಂತಿಗೂ ಹಾಗೇ ಅತ್ತಿದ್ದರಂತೆ. 2013ರ ಜುಲೈಯಲ್ಲಿ ದೇಶದ ತಂತಿ ಸೇವೆಯೇ ನಿಂತಿತು. ಆದರೆ ಆ ಹೆದರಿಕೆ ನಿಂತಿಲ್ಲ, ಅದು ರಾತ್ರಿ ಹೊಡೆದುಕೊಳ್ಳುವ ಫೋನಿಗೆ ಬಂದು ಸೇರಿದೆ.

ಇರಲಿ. ಪಕ್ಕದ ತೋಟದವರಿಗೆ ಒಂದು ಮೊಬೈಲು ಇತ್ತು, ಪುಣ್ಯಕ್ಕೆ ಆವತ್ತು ಸಿಗ್ನಲ್ಲೂ ಇತ್ತು. ಅವರ ಮಗ ಟಾರ್ಚು ಹಿಡಿದು ಓಡಿದ. ಅಮ್ಮ ಹಗ್ಗದ ಮಂಚದ ಮೇಲೆ, ಹಳೇ ಸೀರೆಯಲ್ಲಿ ಕೈ ಕಟ್ಟಿಕೊಂಡು ಮಲಗಿದ್ದರಂತೆ. ಬಲಗೈ ಮಣಿಕಟ್ಟು ಮುರಿದಿತ್ತು. ಬೆಳಿಗ್ಗೆ ನಾವು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಪ್ಲಾಸ್ಟರ್ ಹಾಕಿ ಆಗಿತ್ತು.

ಹೆಂಡತಿಗೆ ಅಳು. "ಅತ್ತೆ, ಹಗ್ಗ ಅಂದಿದ್ರೆ ನಾನು ಆಗ್ಲೇ ಇವರಿಗೆ ಹೇಳ್ತಿದ್ದೆ..."

"ನಿನಗೆ ಗೊತ್ತಾಗದ್ದೇ ಒಳ್ಳೆಯದಾಯ್ತು ಅಂತ ನಾನು ಸುಮ್ಮನಿದ್ದೆ ಮಾರಾಯ್ತಿ. ಗೊತ್ತಾಗಿದ್ದರೆ ಅವನು ರಾತ್ರೋರಾತ್ರಿ ಘಾಟಿಯಲ್ಲಿ ಬರ್ತಿದ್ದ, ಆ ಮಳೆಗೆ" ಅಂದರು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ಹೊಕ್ಕುಳಬಳ್ಳಿ ಅಂತ ನಿಮ್ಮಲ್ಲೂ ಹೇಳ್ತಾರಲ್ಲ, ಅದೆಂತ ಮಲ್ಲಿಗೆಯದ್ದಾ?" ಅಂತ ಕೇಳಿದರು. ಅವಳು ಅಳುತ್ತಲೇ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಪದ ಅರ್ಥವಾಗಲಿಲ್ಲ ಅಂತ ಅವಳಾದರೂ ಹೇಳಬಹುದು, ಅರ್ಥವಾಗುವ ನನಗೆ ಅಮ್ಮ ಹೇಳಲೇ ಇಲ್ಲವಲ್ಲ!

ಬಾವಿಗೆ ಆ ವರ್ಷವೇ ಪಂಪು ಬಂತು. ಹಳೇ ಫೋನೂ ಹೋಗಿ ಅಮ್ಮನ ಕೈಗೆ ಮೊಬೈಲು ಬಂತು. ಅದಕ್ಕೆ ದುಡ್ಡು ಹಾಕಿಸುವುದು ಅವರಿಗೆ ಇವತ್ತಿಗೂ 'ಕರೆನ್ಸಿ', ಚಾರ್ಜರಿನ ವೈರು 'ಚಾರ್ಜಿನ ಬಳ್ಳಿ'. ಮೊನ್ನೆ ತುಂಡಾಗಿದ್ದು ಅದು, ಇಲಿ ಕಡಿದು. ಹೊಸದನ್ನು ಕೊರಿಯರ್ ಮಾಡಿದ್ದಾಯಿತು. ಒಂದಲ್ಲ, ಎರಡು. ನನ್ನ ಹೆಂಡತಿಯ ಲೆಕ್ಕ ಅದು.

ಅಂದಹಾಗೆ, ನಿಮ್ಮ ಕಡೆ ಹಗ್ಗಕ್ಕೆ ಏನಂತೀರಿ? ನಿಮ್ಮ ಮನೆಯಲ್ಲಿರುವ ಬೇರೆ ಊರಿನವರಿಗೆ ಅದು ಗೊತ್ತಾ? ಒಮ್ಮೆ ಕೇಳಿ ನೋಡಿ.